ಎರಡೇ ನಿಮಿಷಕ್ಕೆ ಏದುಸಿರು: ನಾನೂ ದೂರ ಓಡಬಲ್ಲೆನೇ?

ಪ್ರಶ್ನೆ: ನನಗೆ 46 ವರ್ಷ. ನಾನು ಶಾಲೆಯಲ್ಲಿದ್ದಾಗ ಓಟವೆಂದರೆ ಕ್ರೀಡಾಕೂಟದಲ್ಲಿ ಗೆಲ್ಲುವವರಿಗೆ ಮಾತ್ರ ಸೇರಿದ್ದಾಗಿತ್ತು. ಈಗ ನನ್ನ ಸಹೋದ್ಯೋಗಿಗಳಲ್ಲಿ ಹಲವರು ಬಹುಮಾನದ ಆಸೆಯಿಲ್ಲದೆ 10 ಕಿ.ಮೀ., ಅರ್ಧ ಮ್ಯಾರಥಾನ್ ಎಂದು ಓಡುತ್ತಿದ್ದಾರೆ. ಈ ಹವ್ಯಾಸ ಹೇಗೆ ಬೆಳೆಯಿತು? ಎರಡೇ ನಿಮಿಷಕ್ಕೆ ಏದುಸಿರು ಬಿಡುವ ನನ್ನಂಥವಳಿಗೆ ಇದು ಒಗ್ಗೀತೇ?

ಉತ್ತರ: ಖಂಡಿತ ಒಗ್ಗುತ್ತದೆ. ನಿಮ್ಮ ಏದುಸಿರಿಗೂ ಈ ಹವ್ಯಾಸದ ಚರಿತ್ರೆಗೂ ನೇರವಾದ ನಂಟಿದೆ, ಏಕೆಂದರೆ ನಿಧಾನದ ಓಟಕ್ಕೂ ಬೆಲೆಯಿದೆ ಎಂದು ಜನ ಒಪ್ಪಿದ ಮೇಲೆಯೇ ದೂರದ ಓಟ ಎಲ್ಲರದೂ ಆಯಿತು. ಒಲಿಂಪಿಕ್ಸ್ ವಿಜೇತರನ್ನು ತಯಾರು ಮಾಡಿದ್ದ ನ್ಯೂಜಿಲೆಂಡ್‌ನ ತರಬೇತುದಾರ ಆರ್ಥರ್ ಲಿಡಿಯಾರ್ಡ್, ತಮ್ಮ ಕ್ರಮವನ್ನೇ ಹದಗೊಳಿಸಿ ನಡುವಯಸ್ಸಿನ ಸಾಮಾನ್ಯರಿಗೂ ಕಲಿಸಿದರು. 1962ರಲ್ಲಿ ಆಕ್ಲೆಂಡ್‌ನಲ್ಲಿ ಅಂಥವರದೇ ಒಂದು ಜಾಗಿಂಗ್ ಕೂಟ ಆರಂಭವಾಯಿತು. ಅದೇ ವರ್ಷದ ಕೊನೆಯಲ್ಲಿ ಅಲ್ಲಿಗೆ ಬಂದ ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್ಮನ್ ಆ ಗುಂಪಿನೊಡನೆ ಓಡಲು ಹೊರಟು, ಸ್ವಲ್ಪ ದೂರದಲ್ಲೇ ದಣಿದು ಹಿಂದೆ ಬಿದ್ದರು. ಆಗ ಅವರಿಗೆ ಜೊತೆಯಾಗಲೆಂದು ತನ್ನ ವೇಗ ತಗ್ಗಿಸಿಕೊಂಡವರು, ಹೃದಯಾಘಾತದಿಂದ ಚೇತರಿಸಿಕೊಂಡಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು. ಊರಿಗೆ ಮರಳಿದ ಬೋವರ್ಮನ್ ಅಲ್ಲಿನ ಸಾರ್ವಜನಿಕರಿಗೆ ಜಾಗಿಂಗ್ ಕಲಿಸತೊಡಗಿದರು. ಈ ಹವ್ಯಾಸದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಇದು.

ಅನಂತರ ಬೆಳವಣಿಗೆ ವೇಗವಾಗಿ ನಡೆಯಿತು. 1970ರ ಮೊದಲ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಓಡಲು ನಿಂತವರು 127 ಮಂದಿ, ಮುಗಿಸಿದವರು 55. ಈಗ ಅದೇ ಓಟವನ್ನು ಒಂದೇ ದಿನ 50,000ಕ್ಕೂ ಹೆಚ್ಚು ಜನ ಮುಗಿಸುತ್ತಾರೆ. ಮಹಿಳೆಯರ ಹಾದಿ ಮಾತ್ರ ಇಷ್ಟು ಸಲೀಸಾಗಿರಲಿಲ್ಲ. 1928ರ ಒಲಿಂಪಿಕ್ಸ್ ಬಳಿಕ, ಹೆಣ್ಣಿನ ದೇಹ ತಾಳದು ಎಂಬ ನೆಪವೊಡ್ಡಿ ಮಹಿಳೆಯರ 800 ಮೀಟರ್ ಓಟವನ್ನೇ 1960ರವರೆಗೆ ಕೈಬಿಡಲಾಗಿತ್ತು. ಬಾಸ್ಟನ್ ಮ್ಯಾರಥಾನ್ ಅವರಿಗೆ ಅಧಿಕೃತವಾಗಿ ತೆರೆದದ್ದು 1972ರಲ್ಲಿ, ಒಲಿಂಪಿಕ್ ಮ್ಯಾರಥಾನ್ 1984ರಲ್ಲಿ. ನಿಮ್ಮ ಬಾಲ್ಯದ ಶಾಲೆಗಳಲ್ಲಿ ದೂರದ ಓಟಕ್ಕೆ ಹುಡುಗಿಯರನ್ನು ಹುರಿದುಂಬಿಸುವವರು ವಿರಳವಾಗಿದ್ದರೆ ಅದಕ್ಕೆ ಈ ಹಿನ್ನೆಲೆಯೂ ಕಾರಣವಿದ್ದೀತು.

ಇನ್ನು ನಿಮ್ಮ ಓಟದ ಮಾತು. ಎರಡು ನಿಮಿಷಕ್ಕೇ ಉಸಿರು ಕಟ್ಟುವುದು ಬಹುಮಟ್ಟಿಗೆ ವೇಗ ಹೆಚ್ಚಾದುದರ ಗುರುತು. ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಬಲ್ಲಷ್ಟು ನಿಧಾನವಾಗಿ ಓಡಿ, ಆ ವೇಗ ಬಿರುಸು ನಡಿಗೆಗಿಂತ ಹೆಚ್ಚೇನೂ ಇಲ್ಲವೆನಿಸಿದರೂ ಸಂಕೋಚ ಬೇಡ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ ಸಾಕು. ಹೃದಯ ಮತ್ತು ಶ್ವಾಸಕೋಶ ಬೇಗ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಹಗುರಾಯಿತೆಂಬ ಉತ್ಸಾಹದಲ್ಲಿ ದೂರವನ್ನು ಥಟ್ಟನೆ ಹೆಚ್ಚಿಸಿದ ಹೊಸಬರಿಗೆ ಮೊಣಕಾಲೋ ಕಣಕಾಲೋ ನೋಯತೊಡಗುವುದು ಇದೇ ಕಾರಣಕ್ಕೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕಾಣಿ. ಓಡುವಾಗ ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಯೇ ನಿಲ್ಲಿಸಿ. ಮೊದಲ ಆರು ವಾರ ಗಡಿಯಾರವನ್ನು ನಿಮಿಷ ಎಣಿಸಲಷ್ಟೇ ಬಳಸಿ, ಎಷ್ಟು ದೂರ ಓಡಿದಿರಿ ಎಂಬ ಲೆಕ್ಕ ಬೇಡ.