ವೋಟ್ ಹಾಕದವರಿಗೂ ಗೆದ್ದವರೇ ಪ್ರತಿನಿಧಿನಾ?

ಅರ್ಧಕ್ಕರ್ಧ ಜನ ವೋಟೇ ಹಾಕದಿದ್ದಾಗ ಗೆದ್ದವರು ಎಲ್ಲರ ಪ್ರತಿನಿಧಿ ಹೇಗಾಗುತ್ತಾರೆ ಅಂತ ಕೇಳಿದ್ದೀರಿ.

ನಾನಿರುವುದು ಮುಂಬೈನ ಗೋರೆಗಾಂವ್‌ನಲ್ಲಿ, ಮುಂಬೈ ವಾಯವ್ಯ ಕ್ಷೇತ್ರ. 2024ರಲ್ಲಿ ಇಲ್ಲಿ ರವೀಂದ್ರ ವಾಯ್ಕರ್ ಲೋಕಸಭೆಗೆ ಗೆದ್ದದ್ದು ಬರೀ 48 ವೋಟಿನಿಂದ. ಅವರಿಗೆ ಬಿದ್ದದ್ದು ನಾಲ್ಕೂವರೆ ಲಕ್ಷ ಚಿಲ್ಲರೆ. ಎದುರಿಗಿದ್ದ ಅಮೋಲ್ ಕೀರ್ತಿಕರ್ ಅವರಿಗೂ ಹೆಚ್ಚುಕಮ್ಮಿ ಅಷ್ಟೇ. ಪಟ್ಟಿಯಲ್ಲಿ ಹೆಸರಿದ್ದವರು 17 ಲಕ್ಷಕ್ಕೂ ಜಾಸ್ತಿ. ಅಂದರೆ ಗೆದ್ದವರ ಬೆನ್ನಿಗಿದ್ದದ್ದು ನಾಲ್ಕರಲ್ಲಿ ಒಬ್ಬರು.

ಆ 48ರ ಮಾತು ಬಂದಾಗ ನಾನು ಸುಮ್ಮನಾಗುತ್ತೇನೆ. ಮೇ 20, ಸೋಮವಾರ ಮತದಾನ. ಮಕ್ಕಳಿಗೆ ರಜೆ, ಮತ್ಸ್ಯಗಂಧ ರೈಲಿಗೆ ಟಿಕೆಟ್ ಮೊದಲೇ ಮಾಡಿಸಿದ್ದೆವು. ಅವತ್ತು ನಾನು ಕುಂದಾಪುರದಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದೆ. ನಮ್ಮ ಬಿಲ್ಡಿಂಗಿನಿಂದಲೇ ಐದು ಮನೆಯವರು ಊರಿಗೆ ಹೋಗಿದ್ದೆವು. ಮನೆಗಿಬ್ಬರು ಅಂದರೂ ಹತ್ತು ವೋಟಾಯ್ತು, ಅಲ್ವಾ?

ಹಾಗಂತ ವಾಯ್ಕರ್ ನನ್ನ ಸಂಸದರಲ್ಲ ಎನ್ನಲಾರೆ. ಲೋಕಸಭೆಯ ಸೀಟು ಹಂಚಿರುವುದು ಜನಸಂಖ್ಯೆ ನೋಡಿ, ವೋಟು ಹಾಕಿದವರನ್ನು ಎಣಿಸಿ ಅಲ್ಲ. ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದಕ್ಕೆ ಇವತ್ತಿಗೂ 1971ರ ಜನಗಣತಿಯೇ ಲೆಕ್ಕ. ಅದರಲ್ಲಿ ತೊಟ್ಟಿಲ ಮಗುವೂ ಸೇರಿತ್ತು. ಸಂಸದರಿಗೆ ವರ್ಷಕ್ಕೆ ಸಿಗುವ 5 ಕೋಟಿ ನಿಧಿಯೂ ಇಡೀ ಕ್ಷೇತ್ರಕ್ಕೆ. ಜವಾಬ್ದಾರಿ ಎಲ್ಲರದ್ದು, ಒಪ್ಪಿಗೆ ಮಾತ್ರ ಕೆಲವರದ್ದು. ಯಾರೂ ಬೇಡ ಅಂತ ನೋಟಾ ಒತ್ತಿದರೂ ಇದು ಬದಲಾಗುವುದಿಲ್ಲ. ನೋಟಾಗೇ ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆದ್ದ ಹಾಗೆ.

ನನ್ನಂಥವರು ಬಿಡಿ, ಸೋಮಾರಿತನದ ಗಿರಾಕಿಗಳು. ನನಗೆ ಚಿಂತೆ ಇನ್ನೊಂದು ಬಗೆಯವರದ್ದು. ನಾನು ಬೆಳಿಗ್ಗೆ ಚಹಾ ಕುಡಿಯುವ ಹೋಟೆಲಿನಲ್ಲಿ ಬೈಂದೂರು ಕಡೆಯ ಹುಡುಗನೊಬ್ಬನಿದ್ದಾನೆ. ಹನ್ನೊಂದು ವರ್ಷದಿಂದ ಇಲ್ಲೇ ದುಡಿಯುತ್ತಿದ್ದಾನೆ, ವೋಟು ಮಾತ್ರ ಊರಲ್ಲಿ. ಅವನಿರುವ ಚಾಳಿನಲ್ಲಿ ನಲ್ಲಿ ನೀರು ಕೊಳಕು ಬರುತ್ತಿತ್ತು. ಒಬ್ಬ ನಗರಸೇವಕರ, ಅಂದರೆ ಕಾರ್ಪೊರೇಟರ್ ಆಫೀಸಿಗೆ ಹೋದನಂತೆ. ಅಲ್ಲಿ ಕೂತವನ ಮೊದಲ ಪ್ರಶ್ನೆ: "ತುಮ್ಚಂ ಮತದಾನ ಕುಠೇ?" ನಿಮ್ಮ ವೋಟು ಎಲ್ಲಿ ಅಂತ. ಇವನು ಬೈಂದೂರು ಅಂದ. ಅವನು ಪೆನ್ನು ಕೆಳಗಿಟ್ಟ. ಊರಿನ ಶಾಸಕರನ್ನು ಕೇಳಿದರೆ ಗೋರೆಗಾಂವ್ ನಲ್ಲಿಗೆ ಅವರೇನು ಮಾಡಿಯಾರು?

ಫಾರ್ಮ್ 8 ತುಂಬಿ ಹೆಸರನ್ನು ಇಲ್ಲಿಗೆ ತಂದುಕೋ ಮಾರಾಯ ಅಂದೆ. ಚಹಾದ ಗ್ಲಾಸು ಎತ್ತುತ್ತಾ ನಕ್ಕ. "ಪಂಚಾಯತಿಗೆ ಮಾವ ನಿಲ್ತಾರೆ ಅಣ್ಣ. ಅಲ್ಲಿ ಹೆಸರು ತೆಗೆದ್ರೆ ಊರೇ ಬಿಟ್ಟ ಅಂತಾರೆ."