ಮೂರು ಸಾವಿರ ಜನರ ಊರು, ಇಡೀ ಸಂಸ್ಕೃತಿಗೆ ಹೆಸರು

ಪ್ರಶ್ನೆ: 2024ರಲ್ಲಿ ರಷ್ಯಾದ ಕ್ಷಿಪಣಿಗೆ ಸುಟ್ಟುಹೋದ ಉಕ್ರೇನಿನ ವಿದ್ಯುತ್ ಸ್ಥಾವರದ ಹೆಸರು ತ್ರಿಪಿಲ್ಯಾ. ಮಗಳ ಇತಿಹಾಸ ಪುಸ್ತಕದಲ್ಲೂ ‘ತ್ರಿಪಿಲ್ಯಾ ಸಂಸ್ಕೃತಿ’ ಅಂತ ಇದೆ. ಎರಡೂ ಒಂದೇನಾ ಸಾರ್?
— ಓದುಗರು, ಶಿವಮೊಗ್ಗ

ಉತ್ತರ: ಎರಡಕ್ಕೂ ಹೆಸರು ಕೊಟ್ಟಿದ್ದು ಒಂದೇ ಹಳ್ಳಿ. ನಾನು ಭೂಗೋಳದ ಮೇಷ್ಟ್ರಾಗಿದ್ದವನು, ಹಾಗಾಗಿ ಮೊದಲು ನಕ್ಷೆ ನೋಡೋಣ. ಕೀವ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ., ದ್ನಿಪ್ರೊ ನದಿಯ ಬಲದಂಡೆ. ನಾವು ಶಾಲೆಯಲ್ಲಿ ನೀಪರ್ ಅಂತ ಓದಿದ್ದು ಇದೇ ನದಿ. ಬಲದಂಡೆ ಎತ್ತರದ ಗುಡ್ಡ, ಎಡದಂಡೆ ತಗ್ಗು. ದಕ್ಷಿಣದ ಹುಲ್ಲುಗಾವಲಿಂದ ದಂಡೆತ್ತಿ ಬರುವವರ ಮೇಲೆ ಕಣ್ಣಿಡಲು ಹೇಳಿ ಮಾಡಿಸಿದ ಜಾಗ. ಹಿಂದೆ ಕೀವ್‌ನ ಅರಸರು ಇಲ್ಲಿ ಕೋಟೆ ಕಟ್ಟಿದ್ದು ಅದಕ್ಕೇ.

1093ರ ಮೇ ತಿಂಗಳ ಕಥೆ ಕೇಳಿ. ಊರಿನ ಹತ್ತಿರ ಸ್ತುಹ್ನಾ ಎಂಬ ಹೊಳೆ ತುಂಬಿ ಹರಿಯುತ್ತಿತ್ತು. ಆಚೆ ಕಡೆ ಹುಲ್ಲುಗಾವಲಿನ ಅಲೆಮಾರಿಗಳಾದ ಪೊಲೊವ್ತ್ಸಿ ಕುದುರೆ ಸವಾರರು. ಸಂಧಾನ ಮಾಡಿಕೊಳ್ಳೋಣ ಅಂದ ಕೀವ್‌ನವರ ಜೊತೆಗಿದ್ದ ರಾಜಕುಮಾರ ವ್ಲಾದಿಮಿರ್ ಮೊನೊಮಾಖ್. ಕೀವ್‌ನವರು ಕೇಳಲಿಲ್ಲ, ಹೊಳೆ ದಾಟಿದರು, ಸೋತರು. ಓಡಿ ಬರುವಾಗ ಅವನ ತಮ್ಮ ರೊಸ್ತಿಸ್ಲಾವ್ ಅದೇ ಹೊಳೆಯಲ್ಲಿ ಮುಳುಗಿದ. ಹಿಡಿದೆಳೆಯಲು ಹೋದ ಅಣ್ಣನೂ ಮುಳುಗುವುದರಲ್ಲಿದ್ದ ಎನ್ನುತ್ತದೆ ಹಳೆಯ ವೃತ್ತಾಂತ. ಸೈನ್ಯಕ್ಕಿಂತ ಮೊದಲು ಹೊಳೆಯನ್ನು ನೋಡಬೇಕಿತ್ತು, ಅಲ್ವಾ?

ಇನ್ನು ಸಾವಿರಾರು ವರ್ಷಗಳ ಹಿಂದಿನ ಆ ಸಂಸ್ಕೃತಿಯ ವಿಷಯ. 1890ರ ದಶಕದಲ್ಲಿ ವಿಕೆಂಟಿ ಖ್ವೊಯ್ಕಾ ಎಂಬ ಚೆಕ್ ಮೂಲದ ಪುರಾತತ್ವಜ್ಞ ಇಲ್ಲಿ ಅಗೆದಾಗ ಸಿಕ್ಕಿದ್ದು ಸುಟ್ಟ ಮಣ್ಣಿನ ಹಾಸುಗಳು. ಹೊಟ್ಟು ಕಲಸಿ ಮರದ ಮೇಲೆ ಮೆತ್ತಿದ ಮಣ್ಣು ಬೆಂಕಿಗೆ ಇಟ್ಟಿಗೆಯಂತಾಗಿತ್ತು. ಒಂದು ಹೆಂಟೆ ತಿರುಗಿಸಿ ನೋಡಿದರೆ ಮರದ ಅಚ್ಚು ಹಾಗೇ ಕಾಣುತ್ತದೆ. ಜೊತೆಗೆ ಸುರುಳಿ ಚಿತ್ತಾರದ ಮಡಕೆಗಳು. ಇವು ಸತ್ತವರಿಗಾಗಿ ಕಟ್ಟಿದ ಮನೆಗಳು ಅಂತ ಖ್ವೊಯ್ಕಾ ತಿಳಿದಿದ್ದ. ಬದುಕಿದ್ದವರ ಮನೆಗಳೇ ಅಂತ ಆಮೇಲೆ ಗೊತ್ತಾಯಿತು. ಬೇಕಂತಲೇ ಸುಡುತ್ತಿದ್ದರಾ ಎಂಬ ಜಗಳ ಮಾತ್ರ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

1919ರಲ್ಲಿ ಇದೇ ಊರಿನ ದಾನಿಲೊ ತೆರ್ಪಿಲೊ, ಅಡ್ಡಹೆಸರು ಝೆಲೆನಿ, ರೈತರನ್ನು ಕಟ್ಟಿಕೊಂಡು ಬೊಲ್ಶೆವಿಕರ ವಿರುದ್ಧ ದಂಗೆಯೆದ್ದ. ಕೀವ್‌ನಿಂದ ಬಂದ ಕಮ್ಯುನಿಸ್ಟ್ ಯುವಕರ ತಂಡವನ್ನು ಅವನ ಜನ ಇಲ್ಲೇ ಕೊಂದರು. 1970ರ ದಶಕದಲ್ಲಿ ಕಾನಿವ್ ಅಣೆಕಟ್ಟೆಯ ನೀರು ನಿಂತು ಊರ ಮುಂದಿನ ನದಿ ಕೆರೆಯಷ್ಟು ಅಗಲವಾಯಿತು.

ನೀವು ಕೇಳಿದ ಸ್ಥಾವರ ನಿಜವಾಗಿ ಇರುವುದು ಪಕ್ಕದ ಉಕ್ರೈಂಕಾದಲ್ಲಿ. ಆ ಪಟ್ಟಣ ಹುಟ್ಟಿದ್ದೇ ಸ್ಥಾವರಕ್ಕಾಗಿ. ಕಲ್ಲಿದ್ದಲಿನ 1,800 ಮೆಗಾವಾಟ್ ಘಟಕ, ತಣ್ಣಗಾಗಿಸಲು ದ್ನಿಪ್ರೊ ನೀರು. ದಾಳಿ ನಡೆದಿದ್ದು ಏಪ್ರಿಲ್ 11ರಂದು.

ಪ್ರಶ್ನೆ: ತ್ರಿಪಿಲ್ಯಾ ಯುರೋಪಿನ ಮೊದಲ ನಗರವಂತೆ, ಹೌದಾ?
— ಇನ್ನೊಬ್ಬ ಓದುಗರು, ಹಾವೇರಿ

ಉತ್ತರ: ಅಲ್ಲ. ಹೆಸರು ಈ ಹಳ್ಳಿಯದು, ದೊಡ್ಡ ಊರುಗಳು ಬೇರೆ ಕಡೆ. ಇನ್ನೂ ದಕ್ಷಿಣಕ್ಕೆ, ಚೆರ್ಕಾಸಿ ಪ್ರಾಂತ್ಯದ ತಾಲ್ಯಾಂಕಿ 300 ಹೆಕ್ಟೇರಿಗೂ ಜಾಸ್ತಿ ಹರಡಿತ್ತು, ಅದೂ ಸುಮಾರು 6,000 ವರ್ಷಗಳ ಹಿಂದೆ. ಮನೆಗಳ ಸಾಲು ಸುತ್ತುಸುತ್ತಾಗಿ, ನಡುವೆ ದೊಡ್ಡ ಬಯಲು. ಅರಮನೆ ಇಲ್ಲ, ರಾಜರ ಗೋರಿಯೂ ಸಿಕ್ಕಿಲ್ಲ. ಹಾಗಾಗಿ ಅದನ್ನು ನಗರ ಅನ್ನಬಹುದಾ ಎಂಬುದೇ ಈಗಿನ ತಕರಾರು. ನಾನಂತೂ ದೊಡ್ಡ ಹಳ್ಳಿ ಅಂತಲೇ ಕರೆಯುತ್ತೇನೆ.