ಕಾಕರಣೆಯ ಬೆನ್ನಿನಿಂದ ಶುರು ಮಾಡಿ

ಮಾನ್ಯರೇ,

ಮೂಡಿಗೆರೆಯಿಂದ ನೀವು ಕಳಿಸಿದ 'ಕಾಡಿನ ಕೆಂಪು ಸುಂದರಿ' ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ತಿದ್ದಿ ಕಳಿಸಲೇಬೇಕು, ಏಕೆಂದರೆ ನೀವು ಕಾಕರಣೆ ಹಕ್ಕಿಯನ್ನು ನಿಜವಾಗಿ ನೋಡಿದ್ದೀರಿ.

ಮೊದಲ ಎರಡು ಪುಟ ತುಂಬ ಮಂಜು, ಹಸಿರು, ಪ್ರಕೃತಿಮಾತೆಯ ಮಡಿಲು. ಅಷ್ಟನ್ನೂ ತೆಗೆದುಬಿಡಿ. ಮೂರನೇ ಪುಟದಲ್ಲಿ ಒಂದು ವಾಕ್ಯವಿದೆ: "ನಾನು ಪಕ್ಕಕ್ಕೆ ಸರಿದರೆ ಅದೂ ಕೂತಲ್ಲೇ ತಿರುಗಿ ಮತ್ತೆ ಬೆನ್ನು ಹಾಕಿತು." ಲೇಖನ ಶುರುವಾಗಬೇಕಾದ್ದು ಅಲ್ಲಿಂದ. ಚಿತ್ರದಲ್ಲಿ ಕೆಂಪು ಹೊಟ್ಟೆ ನೋಡಿ ಬಂದವರು ಕಾಡಿನಲ್ಲಿ ಕೆಂಪನ್ನೇ ಹುಡುಕುತ್ತಾರೆ, ಹಕ್ಕಿ ತೋರಿಸುವುದು ತರಗೆಲೆ ಬಣ್ಣದ ಬೆನ್ನನ್ನು. ಹಾಗಾಗಿ ಅದು ಎದುರಾಗುವ ಕ್ರಮದಲ್ಲೇ ಬರೆಯಿರಿ. ಮೊದಲು ದನಿ, ಗಂಟಲೊಳಗಿಂದ ಬರುವ ತಗ್ಗಿದ 'ಕ್ಯಾವ್ ಕ್ಯಾವ್'. ಆಮೇಲೆ ಕೊಂಬೆಯ ಮೇಲೆ ಅಲುಗಾಡದೆ ನೆಟ್ಟಗೆ ಕೂತ ಆಕಾರ, ಕೆಳಗೆ ಇಳಿಬಿಟ್ಟ ಉದ್ದ ಬಾಲ, ಅದರ ಚೌಕ ತುದಿ. ತಿರುಗಿದರೆ ಕಪ್ಪು ತಲೆ, ಕಣ್ಣಿನ ಸುತ್ತ ನೀಲಿ ಚರ್ಮ, ಕಪ್ಪು ಎದೆಗೂ ಕೆಂಪು ಹೊಟ್ಟೆಗೂ ನಡುವೆ ಬಿಳಿ ಪಟ್ಟಿ.

ಇನ್ನು ತಪ್ಪುಗಳು. ನಿಮ್ಮ ಸುಂದರಿ ಗಂಡು. ಗೂಡು ಕೊರೆಯುತ್ತಿದ್ದ ಅದೇ ಮರದ ಮೋಟಿಗೆ ಸರದಿಯಲ್ಲಿ ಬಂದ "ಬೇರೆ ಜಾತಿಯ ಮಂಕು ಹಕ್ಕಿ"ಯೇ ಹೆಣ್ಣು. ಅದಕ್ಕೆ ಕಪ್ಪು ತಲೆಯಿಲ್ಲ, ಬಿಳಿ ಪಟ್ಟಿಯಿಲ್ಲ, ಹೊಟ್ಟೆ ಕಂದು ಮಿಶ್ರಿತ ಹಳದಿ. ಮರಕುಟಿಗನ ಬಳಗವೆಂದೂ ಬರೆದಿದ್ದೀರಿ, ಅಲ್ಲ. ಇದರ ಕಾಲಿನ ಒಂದನೇ ಮತ್ತು ಎರಡನೇ ಬೆರಳು ಹಿಂದಕ್ಕಿವೆ, ಆ ಜೋಡಣೆ ಕಾಕರಣೆ ಸೇರಿರುವ ಟ್ರೋಗನ್ ಎಂಬ ಹಕ್ಕಿ ಕುಟುಂಬಕ್ಕೆ ಮಾತ್ರ ಇರುವುದು. ಊಟ ಮುಖ್ಯವಾಗಿ ಕಂಬಳಿಹುಳ, ಜೀರುಂಡೆ, ಕಡ್ಡಿಕೀಟ. ಭೀಮರಾಜ ಮತ್ತಿತರ ಹಕ್ಕಿಗಳು ಜೊತೆಗೂಡಿ ಕೀಟ ಹಿಡಿಯುವ ಬೇಟೆಹಿಂಡಿನಲ್ಲೂ ಇದು ಸೇರಿಕೊಳ್ಳುವುದುಂಟು. ಇದನ್ನು ಸೇರಿಸಿದರೆ ಹೊಸಬರಿಗೆ ಎಲ್ಲಿ ನಿಂತು ನೋಡಬೇಕೆಂಬುದು ತಿಳಿಯುತ್ತದೆ.

ಗೂಡಿದ್ದ ಮೋಟು ಯಾವ ತಿರುವಿನಲ್ಲಿದೆ, ಹಳ್ಳದಿಂದ ಎಷ್ಟು ಹೆಜ್ಜೆ ಎಂಬ ವಿವರ ನಮ್ಮಲ್ಲಿ ಅಚ್ಚಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕೊಳೆತ ಮರ ಕೊರೆದು, ಹೆಚ್ಚು ಎತ್ತರವಲ್ಲದ ಜಾಗದಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುವ ಹಕ್ಕಿ ಇದು. ಕ್ಯಾಮೆರಾದವರು ಮುತ್ತಿಕೊಂಡರೆ ಅವುಗಳ ಗತಿಯೇನು? ಮುತ್ತೋಡಿ ಕಾಡು ಎಂದಷ್ಟೇ ಬರೆಯಿರಿ.

ಕೊಕ್ಕಿಗೆ ಮರದ ಹುಡಿ ಮೆತ್ತಿಕೊಂಡಿತ್ತು ಎಂದು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಕೊರೆಯುವುದನ್ನು ಕಣ್ಣಾರೆ ಕಂಡವರು ಕಡಿಮೆ. ಅಲ್ಲಿ ಒಂದು ಪ್ಯಾರಾ ನಿಲ್ಲಿ, ಗಂಡು ಹೆಣ್ಣು ಹೇಗೆ ಸರದಿ ಬದಲಾಯಿಸಿದವು ಎಂಬುದನ್ನೂ ಬರೆಯಿರಿ. ಹಸ್ತಪ್ರತಿಗಾಗಿ ಕಾಯುತ್ತಿರುತ್ತೇನೆ.

ಸಂಪಾದಕ